ಟೆಸ್ಟ್ ಎಲ್ಲ ಪಾಸ್, ಲಿಸ್ಟ್ ಮಾತ್ರ ತಪ್ಪು: ಸ್ವಂತ ಲಿಸ್ಟ್ ಬರೆದು ಪರೀಕ್ಷಿಸುವ ಬಗೆ

ಪ್ರಶ್ನೆ: ಕೋಲಾರದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ಡೇಟಾ ಸ್ಟ್ರಕ್ಚರ್ಸ್ ಲ್ಯಾಬ್‌ಗಾಗಿ ಜಾವಾದಲ್ಲಿ ಸ್ವಂತ ಲಿಸ್ಟ್ ಕ್ಲಾಸ್ ಬರೆದು, ಟೊಮೆಟೊ ಮಂಡಿಗೆ ಬರುವ ಲಾಟ್‌ಗಳನ್ನು ಹರಾಜಿನ ಸರದಿಯಂತೆ ಅದರಲ್ಲಿ ಇಟ್ಟಿದ್ದೇನೆ. ಒಳಗೆ 10 ಮನೆಗಳ ಅರೇ ಇದೆ, ತುಂಬಿದಾಗಲೆಲ್ಲ ಇನ್ನೂ 10 ಸೇರಿಸುತ್ತೇನೆ. ಮೇನ್ ಮೆಥಡ್‌ನಲ್ಲಿ ಅಸರ್ಟ್ ಹಾಕಿ 12 ಟೆಸ್ಟ್ ಬರೆದೆ, ಎಲ್ಲವೂ ಪಾಸ್. ಆದರೆ ಲ್ಯಾಬ್‌ನಲ್ಲಿ ತೋರಿಸುವಾಗ ನಡುವೆ ಒಂದು ಲಾಟ್ ಸೇರಿಸಿದರೆ ಮುಂದಿನವೆಲ್ಲ ಒಂದೇ ಲಾಟ್ ಆದವು. ಒಂದನ್ನು ತೆಗೆದರೆ ಕೊನೆಯದು ಎರಡು ಸಲ ಕಂಡಿತು. ದರ ಕೊಟ್ಟು ಹುಡುಕಿದರೆ ಕೆಲವು ಸಿಕ್ಕವು, ಕೆಲವು ಸಿಗಲಿಲ್ಲ. ತಪ್ಪು ಎಲ್ಲಿದೆ? ಲಿಂಕ್ಡ್ ಲಿಸ್ಟ್ ಬರೆಯಬೇಕಿತ್ತೇ? ಇದನ್ನು ಸರಿಯಾಗಿ ಟೆಸ್ಟ್ ಮಾಡುವುದು ಹೇಗೆ?

ಉತ್ತರ: ಮೊದಲು ಟೆಸ್ಟ್‌ಗಳನ್ನೇ ನೋಡೋಣ, ನಿಮ್ಮನ್ನು ದಾರಿ ತಪ್ಪಿಸಿರುವುದು ಅವೇ. ಅಸರ್ಟ್ ಎಂದರೆ ‘ಇದು ನಿಜವಾಗಿರಲೇಬೇಕು’ ಎಂದು ಹೇಳಿ, ಅಲ್ಲದಿದ್ದರೆ ಪ್ರೋಗ್ರಾಂ ನಿಲ್ಲಿಸುವ ಸಾಲು. ಜಾವಾದಲ್ಲಿ ಅದು ತಾನಾಗಿ ಕೆಲಸ ಮಾಡುವುದಿಲ್ಲ. ಪ್ರೋಗ್ರಾಂ ಓಡಿಸುವಾಗ ‘ಇನೇಬಲ್ ಅಸರ್ಶನ್ಸ್’ ಸ್ವಿಚ್ ಕೊಟ್ಟರೆ ಮಾತ್ರ ಅದು ಎಚ್ಚರವಾಗುತ್ತದೆ, ಇಲ್ಲದಿದ್ದರೆ ಆ ಸಾಲು ಇದ್ದೂ ಇಲ್ಲದಂತೆ. ಪರೀಕ್ಷಿಸುವುದು ಸುಲಭ: ಮೇನ್ ಮೆಥಡ್‌ನ ಮೊದಲ ಸಾಲಿನಲ್ಲೇ ಒಂದು ಎರಡಕ್ಕೆ ಸಮ ಎಂದು ಅಸರ್ಟ್ ಮಾಡಿ ಓಡಿಸಿ. ಪ್ರೋಗ್ರಾಂ ಸುಮ್ಮನೆ ಮುಗಿದರೆ ನಿಮ್ಮ 12 ಟೆಸ್ಟ್‌ಗಳಲ್ಲಿ ಒಂದೂ ನಡೆದೇ ಇಲ್ಲ ಎಂದರ್ಥ. ಸ್ವಿಚ್ ಹಾಕುವುದಕ್ಕಿಂತ ಟೆಸ್ಟ್ ಬರೆಯಲೆಂದೇ ಇರುವ ಜೆಯುನಿಟ್ 5 ಲೈಬ್ರರಿಗೆ ಬದಲಾಯಿಸುವುದು ಒಳ್ಳೆಯದು. ಅಲ್ಲಿ ‘ಅಸರ್ಟ್ ಈಕ್ವಲ್ಸ್’ ಮಾಮೂಲಿ ಮೆಥಡ್, ಯಾವ ಸ್ವಿಚ್ಚಿಗೂ ಕಾಯದೆ ನಡೆಯುತ್ತದೆ. ನಿರೀಕ್ಷಿಸಿದ ಬೆಲೆ (ವ್ಯಾಲ್ಯೂ) ಮೊದಲು, ಬಂದ ಬೆಲೆ ಆಮೇಲೆ ಕೊಡಬೇಕು. ಅದಲುಬದಲಾದರೂ ಟೆಸ್ಟ್ ನಡೆಯುತ್ತದೆ, ಆದರೆ ತಪ್ಪಾದಾಗ ಬರುವ ಸಂದೇಶ ತಲೆಕೆಳಗಾಗಿ ನಿಮ್ಮನ್ನು ಗೊಂದಲಕ್ಕೆ ಕೆಡವುತ್ತದೆ.

ಅಸರ್ಟ್ ಎಚ್ಚರವಾಗಿದ್ದರೂ ಇನ್ನೊಂದು ತೊಂದರೆ ಉಳಿಯುತ್ತಿತ್ತು. 10 ಮನೆಯ ಅರೇಯಲ್ಲಿ ನಾಲ್ಕೈದು ಲಾಟ್ ಇಟ್ಟು ಪರೀಕ್ಷಿಸಿದ್ದೀರಿ. ಲಿಸ್ಟ್ ಹೆಚ್ಚಾಗಿ ಕೆಡುವುದು ಅಂಚುಗಳಲ್ಲಿ: ಖಾಲಿ ಇದ್ದಾಗ, ಒಂದೇ ಇದ್ದಾಗ, ಸರಿಯಾಗಿ ತುಂಬಿದಾಗ, ತುಂಬಿದ ಮೇಲೆ ಇನ್ನೊಂದು ಬಂದಾಗ. ಮುಂದೆ ಹೇಳುವ ಕೆಲವು ತಪ್ಪುಗಳಲ್ಲಿ ಇದನ್ನು ಕಾಣುತ್ತೀರಿ.

ನಿಮ್ಮ ಕ್ಲಾಸಿನೊಳಗೆ ಎರಡು ಸಂಖ್ಯೆಗಳಿವೆ. ಅರೇಯಲ್ಲಿ ಒಟ್ಟು ಎಷ್ಟು ಮನೆ ಇವೆ ಎನ್ನುವುದು ಕೆಪ್ಯಾಸಿಟಿ, ಅದರಲ್ಲಿ ಎಷ್ಟು ಮನೆಗಳಲ್ಲಿ ನಿಜವಾದ ಲಾಟ್ ಇದೆ ಎನ್ನುವುದು ಸೈಜ್. ಇವೆರಡನ್ನು ಬೆರೆಸಿದ ಕ್ಷಣದಿಂದ ಎಲ್ಲವೂ ಕೆಡುತ್ತದೆ. ಕ್ಲಾಸ್ ಬರೆಯುವ ಮೊದಲೇ ಎಂದೂ ಮುರಿಯಬಾರದ ಕಟ್ಟಳೆಗಳನ್ನು ಕಾಮೆಂಟಿನಲ್ಲಿ ಬರೆದಿಡಿ: ಸೈಜ್ ಸೊನ್ನೆಗಿಂತ ಕಡಿಮೆಯಾಗದು, ಕೆಪ್ಯಾಸಿಟಿಯನ್ನು ಮೀರದು, 0ಯಿಂದ ಸೈಜ್‌ಗೆ ಒಂದು ಕಡಿಮೆವರೆಗಿನ ಮನೆಗಳಲ್ಲಿ ಲಾಟ್‌ಗಳು ಸರದಿಯಂತೆ, ನಡುವೆ ಜಾಗ ಬಿಡದೆ ಇರುತ್ತವೆ, ಸೈಜ್‌ನಿಂದ ಆಚೆಯ ಮನೆಗಳೆಲ್ಲ ನಲ್, ಅಂದರೆ ಏನೂ ಇಲ್ಲ ಎಂಬ ಗುರುತು. ಇಂಡೆಕ್ಸ್ ಎಂದರೆ 0ಯಿಂದ ಎಣಿಸುವ ಮನೆಯ ಸಂಖ್ಯೆ. ಅದರ ತಪಾಸಣೆಯನ್ನು ಯಾವಾಗಲೂ ಸೈಜ್ ಹಿಡಿದು ಮಾಡಬೇಕು, ಅರೇಯ ಉದ್ದ ಹಿಡಿದಲ್ಲ. ‘ಗೆಟ್’ ಮತ್ತು ‘ರಿಮೂವ್’ಗೆ ಇಂಡೆಕ್ಸ್ ಸೈಜ್‌ಗಿಂತ ಕಡಿಮೆ ಇರಬೇಕು. ‘ಇನ್ಸರ್ಟ್’ಗೆ ಮಾತ್ರ ಸೈಜ್‌ಗೆ ಸಮವಿದ್ದರೂ ನಡೆಯುತ್ತದೆ, ಕೊನೆಗೆ ಸೇರಿಸುವುದೆಂದರೆ ಅದೇ ತಾನೇ. ಮೂರಕ್ಕೂ ಒಂದೇ ತಪಾಸಣೆ ಮೆಥಡ್ ಬಳಸಿದರೆ ಯಾವುದೋ ಒಂದು ಕಡೆ ತಪ್ಪುತ್ತದೆ, ಎರಡು ಬೇರೆ ಬೇರೆ ಬರೆಯಿರಿ. ತಪ್ಪು ಇಂಡೆಕ್ಸ್ ಬಂದಾಗ ಎಸೆಯುವ ಎಕ್ಸೆಪ್ಶನ್ (ದೋಷದ ಸೂಚನೆ) ಸಂದೇಶದಲ್ಲಿ ಇಂಡೆಕ್ಸ್ ಮತ್ತು ಸೈಜ್ ಎರಡೂ ಇರಲಿ.

ಈಗ ನಡುವೆ ಸೇರಿಸುವ ತಪ್ಪು. ಬಾಕ್ಸ್ ಲೆಕ್ಕದಲ್ಲಿ ನಾಲ್ಕು ಲಾಟ್ ಇವೆ ಎನ್ನಿ: 40, 25, 60, 15. ಇಂಡೆಕ್ಸ್ 1ರಲ್ಲಿ 30 ಬಾಕ್ಸಿನ ಲಾಟ್ ಬರಬೇಕು. ನಿಮ್ಮ ಲೂಪ್ ಎಡದಿಂದ ಬಲಕ್ಕೆ ಓಡುತ್ತಿದೆ. ಮೊದಲ ಹೆಜ್ಜೆಯಲ್ಲಿ 25 ಇಂಡೆಕ್ಸ್ 2ಕ್ಕೆ ಹೋಗುತ್ತದೆ, ಅಲ್ಲಿದ್ದ 60 ಅಳಿಸಿಹೋಯಿತು. ಎರಡನೇ ಹೆಜ್ಜೆಯಲ್ಲಿ 60 ಸರಿಯಬೇಕಿತ್ತು, ಆದರೆ ಆ ಮನೆಯಲ್ಲಿ ಈಗ ಇರುವುದು 25. ಅದೇ ಮುಂದಕ್ಕೂ ಸರಿಯುತ್ತದೆ. ಕೊನೆಗೆ ಉಳಿಯುವುದು 40, 30, 25, 25, 25. ಇಬ್ಬರು ರೈತರ ಲಾಟ್ ಪಟ್ಟಿಯಿಂದಲೇ ಮಾಯ. ಲೂಪನ್ನು ಕೊನೆಯಿಂದ ಶುರುಮಾಡಿ: 15 ನಾಲ್ಕಕ್ಕೆ, 60 ಮೂರಕ್ಕೆ, 25 ಎರಡಕ್ಕೆ, ಆಮೇಲೆ 30 ಒಂದಕ್ಕೆ. ಬಲಕ್ಕೆ ಸರಿಸುವಾಗ ಬಲದ ತುದಿಯಿಂದ, ಎಡಕ್ಕೆ ಸರಿಸುವಾಗ ಎಡದ ತುದಿಯಿಂದ. ಜಾವಾದ ‘ಸಿಸ್ಟಮ್ ಅರೇಕಾಪಿ’ ಬಳಸಿದರೆ ಈ ಚಿಂತೆ ಇಲ್ಲ. ಮೂಲ ಮತ್ತು ಗುರಿ ಒಂದೇ ಅರೇಯಲ್ಲಿ ಒಂದರ ಮೇಲೊಂದು ಬಿದ್ದರೂ ಅದು ಸರಿಯಾಗಿ ನಕಲು ಮಾಡುತ್ತದೆ. ಮುಂದೆ ಸಿ ಭಾಷೆಯಲ್ಲಿ ಬರೆಯುವಾಗ ನೆನಪಿರಲಿ: ಅಲ್ಲಿ ‘ಮೆಮ್‌ಮೂವ್’ಗೆ ಮಾತ್ರ ಆ ಭರವಸೆ ಇದೆ, ‘ಮೆಮ್‌ಕಾಪಿ’ಗೆ ಇಲ್ಲ.

ತೆಗೆಯುವಾಗ ಕೊನೆಯ ಲಾಟ್ ಎರಡು ಸಲ ಕಾಣುವುದಕ್ಕೆ ಎರಡು ಕಾರಣ ಇರಬಹುದು. ಎಡಕ್ಕೆ ಸರಿಸಿದ ಮೇಲೆ ಸೈಜ್ ಇಳಿಸಲು ಮರೆತಿರುತ್ತೀರಿ, ಇಲ್ಲವೇ ಮುದ್ರಿಸುವ ಲೂಪ್ ಅರೇಯ ಉದ್ದದವರೆಗೆ ಓಡುತ್ತಿರುತ್ತದೆ. ಎರಡನೆಯದಾದರೆ ಕೊನೆಯಲ್ಲಿ ನಲ್‌ಗಳೂ ಕಾಣುತ್ತವೆ, ಗುರುತು ಹಿಡಿಯುವುದು ಸುಲಭ. ಸರಿಯಾದ ಕ್ರಮ ಹೀಗೆ: ತೆಗೆಯಬೇಕಾದ ಲಾಟನ್ನು ಒಂದು ವೇರಿಯಬಲ್‌ನಲ್ಲಿ ಹಿಡಿದುಕೊಳ್ಳಿ, ಉಳಿದವನ್ನು ಎಡಕ್ಕೆ ಸರಿಸಿ, ಸೈಜನ್ನು ಒಂದು ಇಳಿಸಿ, ಖಾಲಿಯಾದ ಕೊನೆಯ ಮನೆಗೆ ನಲ್ ಹಾಕಿ, ಹಿಡಿದಿಟ್ಟದ್ದನ್ನು ಹಿಂತಿರುಗಿಸಿ. ನಲ್ ಹಾಕದಿದ್ದರೂ ಹೊರಗಿನಿಂದ ನೋಡುವವರಿಗೆ ವ್ಯತ್ಯಾಸ ತಿಳಿಯದು. ಆದರೆ ಅರೇ ಆ ಲಾಟನ್ನು ಹಿಡಿದುಕೊಂಡೇ ಇರುವುದರಿಂದ ಬೇಡವಾದ ಆಬ್ಜೆಕ್ಟ್‌ಗಳನ್ನು ತೆರವು ಮಾಡುವ ಗಾರ್ಬೇಜ್ ಕಲೆಕ್ಟರ್ ಅದರ ಜಾಗವನ್ನು ಬಿಡಿಸಲಾರದು. ದಿನವಿಡೀ ಓಡುವ ಪ್ರೋಗ್ರಾಂನಲ್ಲಿ ಮೆಮೊರಿ ಹೀಗೇ ಸೋರುತ್ತದೆ.

ಇಲ್ಲೇ ಇನ್ನೊಂದು ತಪ್ಪು ಅಡಗಿರುತ್ತದೆ. ಎಡಕ್ಕೆ ಸರಿಸುವ ಲೂಪ್ ಸೈಜ್‌ಗೆ ಒಂದು ಕಡಿಮೆ ಇರುವಲ್ಲಿ ನಿಲ್ಲಬೇಕು, ಏಕೆಂದರೆ ಒಳಗೆ ‘ಮುಂದಿನ ಮನೆ’ಯನ್ನು ಓದುತ್ತಿದ್ದೀರಿ. ಸೈಜ್‌ವರೆಗೆ ಓಡಿಸಿದರೆ ಏನಾಗುತ್ತದೆ? 10 ಮನೆಯಲ್ಲಿ 5 ಲಾಟ್ ಇದ್ದರೆ ಏನೂ ಆಗುವುದಿಲ್ಲ: ಆಚೆಯ ನಲ್ ಒಂದು ಮನೆ ಈಚೆಗೆ ಬಂದು ಕೂರುತ್ತದೆ, ಕೋಡ್ ಸರಿಯಾಗಿಯೇ ಇದ್ದಂತೆ ಕಾಣುತ್ತದೆ. ಅರೇ ಪೂರ್ತಿ ತುಂಬಿರುವಾಗ ತೆಗೆದರೆ ಮಾತ್ರ 11ನೇ ಮನೆಯನ್ನು ಓದಲು ಹೋಗಿ ಎಕ್ಸೆಪ್ಶನ್ ಬರುತ್ತದೆ. ಆದ್ದರಿಂದ ಕನ್‌ಸ್ಟ್ರಕ್ಟರ್‌ಗೆ ಆರಂಭದ ಕೆಪ್ಯಾಸಿಟಿ ಕೊಡುವ ಅವಕಾಶ ಇಡಿ, ಟೆಸ್ಟ್‌ಗಳನ್ನೆಲ್ಲ ಕೆಪ್ಯಾಸಿಟಿ 1 ಅಥವಾ 2 ಇಟ್ಟು ಓಡಿಸಿ. ಮುಂದೆ ಹೇಳುವಂತೆ ಇಮ್ಮಡಿ ಬೆಳೆಸಿದರೆ ಆಗ ನಾಲ್ಕನೇ ಲಾಟ್ ಬರುವಷ್ಟರಲ್ಲೇ ಅರೇ ತುಂಬುವುದು, ಬೆಳೆಯುವುದು, ಮತ್ತೆ ತುಂಬುವುದು ಎಲ್ಲವೂ ನಡೆದುಹೋಗಿರುತ್ತದೆ.

ದರ ಹುಡುಕುವ ತೊಂದರೆ ಇವೆಲ್ಲಕ್ಕಿಂತ ಕುತೂಹಲದ್ದು. ನೀವು == ಬಳಸಿ ಹೋಲಿಸಿದ್ದೀರಿ. ಆಬ್ಜೆಕ್ಟ್‌ಗಳ ನಡುವೆ == ಕೇಳುವುದು ‘ಇವೆರಡೂ ಒಂದೇ ಆಬ್ಜೆಕ್ಟೇ?’ ಎಂದು, ‘ಬೆಲೆ ಒಂದೇಯೇ?’ ಎಂದಲ್ಲ. ಜಾವಾ ಸಣ್ಣ ಸಂಖ್ಯೆಗಳನ್ನು ಇಂಟಿಜರ್ ಆಬ್ಜೆಕ್ಟ್ ಆಗಿ ಕಟ್ಟುವಾಗ −128ರಿಂದ 127ರವರೆಗಿನವನ್ನು ಮೊದಲೇ ಮಾಡಿಟ್ಟುಕೊಂಡು ಅವನ್ನೇ ಮತ್ತೆ ಮತ್ತೆ ಕೊಡುತ್ತದೆ. ಹಾಗಾಗಿ 15 ಕೆಜಿ ಬಾಕ್ಸಿಗೆ 90 ರೂಪಾಯಿ ಇದ್ದ ಲಾಟ್ ಸಿಗುತ್ತದೆ. 350 ರೂಪಾಯಿಯದು ಸಿಗುವುದಿಲ್ಲ, ಏಕೆಂದರೆ ಲಿಸ್ಟಿನಲ್ಲಿರುವ 350 ಒಂದು ಆಬ್ಜೆಕ್ಟ್, ನೀವು ಹುಡುಕಲು ಕೊಟ್ಟ 350 ಇನ್ನೊಂದು. 2023ರ ಜುಲೈನಲ್ಲಿ ಕೋಲಾರದಲ್ಲಿ ಬಾಕ್ಸ್ ದರ ಎರಡು ಸಾವಿರ ದಾಟಿತ್ತು. ಅಂಥ ತಿಂಗಳಲ್ಲಿ ನಿಮ್ಮ ಹುಡುಕಾಟಕ್ಕೆ ಒಂದು ಲಾಟೂ ಸಿಗುತ್ತಿರಲಿಲ್ಲ. ದರ ಬಿದ್ದ ದಿನಗಳಲ್ಲಿ ಎಲ್ಲವೂ ಸಿಕ್ಕಿ ಕೋಡ್ ಸರಿಯಿದೆ ಎಂದೇ ನಂಬುತ್ತಿದ್ದಿರಿ. ‘ಈಕ್ವಲ್ಸ್’ ಬಳಸಿ. ಪಟ್ಟಿಯಲ್ಲಿ ನಲ್ ಇರಲು ಬಿಡುವುದಾದರೆ ‘ಆಬ್ಜೆಕ್ಟ್ಸ್’ ಕ್ಲಾಸಿನ ‘ಈಕ್ವಲ್ಸ್’ ಬಳಸಿ, ಅದು ನಲ್ ಬಂದರೂ ಬೀಳುವುದಿಲ್ಲ. ಸ್ವಂತ ಲಾಟ್ ಕ್ಲಾಸ್ ಇದ್ದರೆ ಅದರಲ್ಲಿ ‘ಈಕ್ವಲ್ಸ್’ ನೀವೇ ಬರೆಯಬೇಕು, ಅದರ ಜೊತೆಗೆ ‘ಹ್ಯಾಶ್‌ಕೋಡ್’ ಕೂಡ.

ಹೆಸರಿಡುವಾಗಲೂ ಎಚ್ಚರ. ಜಾವಾದಲ್ಲೇ ಸಿದ್ಧವಾಗಿ ಬರುವ ಲಿಸ್ಟ್ ಕ್ಲಾಸ್ ಆದ ಅರೇಲಿಸ್ಟ್‌ನಲ್ಲಿ ‘ರಿಮೂವ್’ ಎಂಬ ಹೆಸರಿನಲ್ಲಿ ಎರಡು ಮೆಥಡ್‌ಗಳಿವೆ, ಒಂದು ಇಂಡೆಕ್ಸ್ ತೆಗೆದುಕೊಳ್ಳುತ್ತದೆ, ಇನ್ನೊಂದು ಆಬ್ಜೆಕ್ಟ್. ಇಂಟಿಜರ್‌ಗಳ ಪಟ್ಟಿಯಲ್ಲಿ 15ನ್ನು ತೆಗೆ ಎಂದರೆ ಅದು 15 ಎಂಬ ಬೆಲೆಯನ್ನಲ್ಲ, 15ನೇ ಇಂಡೆಕ್ಸನ್ನು ತೆಗೆಯುತ್ತದೆ. ನಿಮ್ಮ ಕ್ಲಾಸಿನಲ್ಲಿ ‘ರಿಮೂವ್ ಅಟ್’ ಮತ್ತು ‘ರಿಮೂವ್ ವ್ಯಾಲ್ಯೂ’ ಎಂದು ಬೇರೆ ಬೇರೆ ಹೆಸರಿಡಿ.

10 ಮನೆ, ಮತ್ತೆ 10 ಮನೆ ಎಂದು ಬೆಳೆಸುವುದು ತಪ್ಪಲ್ಲ, ಆದರೆ ದುಬಾರಿ. ಪ್ರತಿ ಸಲ ಬೆಳೆಸಿದಾಗ ಹಳೆಯ ಲಾಟ್‌ಗಳನ್ನೆಲ್ಲ ಹೊಸ ಅರೇಗೆ ನಕಲು ಮಾಡಬೇಕು. 10,000 ಲಾಟ್ ಸೇರಿಸುವಷ್ಟರಲ್ಲಿ ನಿಮ್ಮ ಕ್ಲಾಸ್ 999 ಸಲ ಬೆಳೆದು, 10, 20, 30 ಎನ್ನುತ್ತಾ 9,990ರವರೆಗೆ ಒಟ್ಟು 49,95,000 ನಕಲು ಮಾಡುತ್ತದೆ. 10ರಿಂದಲೇ ಶುರುಮಾಡಿ ಪ್ರತಿ ಸಲ ಇಮ್ಮಡಿ ಮಾಡಿದರೆ 10 ಸಲ ಬೆಳೆದು, 10,230 ನಕಲಿನಲ್ಲಿ ಕೆಲಸ ಮುಗಿಯುತ್ತದೆ. ಅಂದರೆ ಲಾಟ್ ಒಂದಕ್ಕೆ ಸರಾಸರಿ ಒಂದು ನಕಲು. ಜಾವಾದ ಅರೇಲಿಸ್ಟ್ ಒಂದೂವರೆ ಪಟ್ಟು ಬೆಳೆಸುತ್ತದೆ, ಇದರಲ್ಲಿ ಮೆಮೊರಿ ಸ್ವಲ್ಪ ಉಳಿಯುತ್ತದೆ. ಆದರೆ ಒಂದೂವರೆ ಪಟ್ಟನ್ನು ಪೂರ್ಣಾಂಕದಲ್ಲಿ ಲೆಕ್ಕ ಹಾಕುವಾಗ ಒಂದು ಗುಂಡಿ ಇದೆ. ಕೆಪ್ಯಾಸಿಟಿ 1 ಇದ್ದರೆ ಅದರ ಅರ್ಧ ಸೊನ್ನೆ, ಹೊಸ ಕೆಪ್ಯಾಸಿಟಿ ಮತ್ತೆ 1! ಇಮ್ಮಡಿಯಲ್ಲೂ 0ಯಿಂದ ಶುರುಮಾಡಿದರೆ ಹೀಗೇ, ಸೊನ್ನೆಯ ಎರಡರಷ್ಟು ಸೊನ್ನೆಯೇ. ‘ಕನಿಷ್ಠ ಹಳೆಯದಕ್ಕಿಂತ ಒಂದು ಹೆಚ್ಚು’ ಎಂಬ ಸಾಲನ್ನು ಸೇರಿಸಿಬಿಡಿ. ತುಂಬಿದೆಯೇ ಎಂದು ನೋಡುವುದು ಲಾಟ್ ಇಡುವ ಮೊದಲು, ಇಟ್ಟ ಮೇಲಲ್ಲ. ಪಟ್ಟಿ ಚಿಕ್ಕದಾದಾಗ ಅರೇಯನ್ನು ಕುಗ್ಗಿಸುವುದಾದರೆ ಅರ್ಧಕ್ಕೆ ಇಳಿದಾಗ ಅಲ್ಲ, ಕಾಲು ಭಾಗಕ್ಕೆ ಇಳಿದಾಗ ಅರ್ಧ ಮಾಡಿ. ಇಲ್ಲದಿದ್ದರೆ ಅಂಚಿನಲ್ಲಿ ಒಂದು ಸೇರಿಸಿ ಒಂದು ತೆಗೆಯುವ ಪ್ರತಿ ಸಲವೂ ಇಡೀ ಅರೇ ನಕಲಾಗುತ್ತದೆ. ಲ್ಯಾಬ್ ಪ್ರಾಜೆಕ್ಟಿಗೆ ಕುಗ್ಗಿಸುವ ಅಗತ್ಯವೇ ಇಲ್ಲ.

ಲಿಂಕ್ಡ್ ಲಿಸ್ಟ್, ಅಂದರೆ ಪ್ರತಿ ಕೊಂಡಿಯೂ (ನೋಡ್) ಮುಂದಿನದನ್ನು ತೋರಿಸುವ ಸರಪಳಿ? ನಿಮ್ಮ ಕೆಲಸಕ್ಕೆ ಬೇಡ. ಹರಾಜಿನ ಸರದಿ ಎಂದರೆ ‘ಏಳನೇ ಲಾಟ್ ಯಾವುದು’ ಎಂಬ ಪ್ರಶ್ನೆ ಮೇಲಿಂದ ಮೇಲೆ ಬರುತ್ತದೆ. ಅರೇಯಲ್ಲಿ ಅದು ಒಂದೇ ಹೆಜ್ಜೆ, ಲಿಂಕ್ಡ್ ಲಿಸ್ಟಿನಲ್ಲಿ ತಲೆಯಿಂದ ಎಣಿಸುತ್ತಾ ಬರಬೇಕು. ಲೂಪಿನೊಳಗೆ ‘ಗೆಟ್’ ಕರೆದು 10,000 ಲಾಟ್ ಮುದ್ರಿಸಿದರೆ ಸುಮಾರು 5 ಕೋಟಿ ಹೆಜ್ಜೆಗಳಾಗುತ್ತವೆ. ‘ನಡುವೆ ಸೇರಿಸುವುದು ಅಲ್ಲಿ ಅಗ್ಗ’ ಎಂದು ಪಾಠದಲ್ಲಿ ಓದಿರುತ್ತೀರಿ. ಆ ಜಾಗ ನಿಮ್ಮ ಕೈಯಲ್ಲಿ ಆಗಲೇ ಇದ್ದರೆ ಮಾತ್ರ ಅದು ನಿಜ, ಜಾಗ ಹುಡುಕುವ ಖರ್ಚು ಬೇರೆ. ಆದರೂ ಮುಂದಿನ ಲ್ಯಾಬ್‌ಗೆ ಬರೆಯಬೇಕಾಗಿ ಬಂದರೆ ಒಂದೇ ಒಂದು ನೋಡ್ ಇರುವಾಗ ಅದನ್ನು ತೆಗೆದು ನೋಡಿ. ಮೊದಲ ನೋಡನ್ನು ಹಿಡಿದಿರುವ ಹೆಡ್, ಕೊನೆಯದನ್ನು ಹಿಡಿದಿರುವ ಟೇಲ್ ಎರಡೂ ನಲ್ ಆಗಬೇಕು. ಟೇಲ್ ಹಳೆಯ ನೋಡನ್ನೇ ಹಿಡಿದುಕೊಂಡಿದ್ದರೆ ಮುಂದೆ ಸೇರಿಸಿದ್ದೆಲ್ಲ ಯಾರಿಗೂ ಕಾಣದ ಕಡೆ ಸೇರುತ್ತದೆ.

ಲೂಪಿನಲ್ಲಿ ಓಡುತ್ತಾ ತೆಗೆಯುವ ಬಗ್ಗೆ ನೀವು ಕೇಳಿಲ್ಲ, ಆದರೆ ಮಾರಾಟವಾದ ಲಾಟ್‌ಗಳನ್ನು ತೆಗೆಯುವಾಗ ಅದು ಎದುರಾಗುತ್ತದೆ. ಇಂಡೆಕ್ಸ್ 2ರ ಲಾಟ್ ತೆಗೆದ ಕೂಡಲೇ 3ರದ್ದು 2ಕ್ಕೆ ಬರುತ್ತದೆ, ಲೂಪ್ ಮಾತ್ರ 3ಕ್ಕೆ ಹೋಗುತ್ತದೆ. ಒತ್ತಿಗೊತ್ತಿ ಎರಡು ಲಾಟ್ ಮಾರಾಟವಾಗಿದ್ದರೆ ಎರಡನೆಯದು ಉಳಿದುಬಿಡುತ್ತದೆ. ಕೊನೆಯಿಂದ ಹಿಂದಕ್ಕೆ ಓಡಿ, ಇಲ್ಲವೇ ತೆಗೆದ ಸುತ್ತಿನಲ್ಲಿ ಇಂಡೆಕ್ಸ್ ಏರಿಸಬೇಡಿ.

ಇನ್ನು ಟೆಸ್ಟ್ ಬರೆಯುವ ಕೆಲಸ. ಮೊದಲು ಮೇಲಿನ ಕಟ್ಟಳೆಗಳನ್ನು ತಪಾಸಣೆ ಮಾಡುವ ಒಂದು ಮೆಥಡ್ ಬರೆಯಿರಿ. ಅದನ್ನು ಪಬ್ಲಿಕ್ ಮಾಡಬೇಕಿಲ್ಲ, ಅದೇ ಪ್ಯಾಕೇಜಿನ ಟೆಸ್ಟ್ ಕ್ಲಾಸಿಗೆ ಕಂಡರೆ ಸಾಕು. ಪ್ರತಿ ಟೆಸ್ಟಿನಲ್ಲೂ ಪ್ರತಿ ಕೆಲಸದ ನಂತರ ಇದನ್ನು ಕರೆಯಿರಿ. ಆಮೇಲೆ ಕೈಯಿಂದ ಬರೆಯುವ ಟೆಸ್ಟ್‌ಗಳು: ಸೈಜ್ 0, 1, 2, ಕೆಪ್ಯಾಸಿಟಿಗೆ ಒಂದು ಕಡಿಮೆ, ಸರಿಸಮ, ಒಂದು ಹೆಚ್ಚು. ಪ್ರತಿಯೊಂದರಲ್ಲೂ ಮೊದಲಿಗೆ, ನಡುವೆ, ಕೊನೆಗೆ ಸೇರಿಸಿ, ತೆಗೆಯಿರಿ. ಸೈಜ್ ಮಾತ್ರ ನೋಡಿ ತೃಪ್ತರಾಗಬೇಡಿ. 40, 30, 25, 25, 25 ಎಂಬ ಹಾಳಾದ ಪಟ್ಟಿಯ ಸೈಜ್ ಕೂಡ 5ಯೇ. ಇಡೀ ಪಟ್ಟಿಯನ್ನು ಸರದಿಯೊಂದಿಗೆ ಹೋಲಿಸಿ, ಬಳಸುವ ಬೆಲೆಗಳು ಒಂದಕ್ಕಿಂತ ಒಂದು ಬೇರೆಯಾಗಿರಲಿ. ಎಲ್ಲ ಲಾಟೂ 10 ಬಾಕ್ಸ್ ಎಂದಿಟ್ಟರೆ ಯಾವುದು ಎಲ್ಲಿಗೆ ಸರಿಯಿತು ಎಂದು ತಿಳಿಯುವುದೇ ಇಲ್ಲ. ತಪ್ಪು ಇಂಡೆಕ್ಸ್ ಕೊಟ್ಟಾಗ ಎಕ್ಸೆಪ್ಶನ್ ಬರಬೇಕು, ಅಷ್ಟೇ ಅಲ್ಲ, ಬಂದ ಮೇಲೆ ಪಟ್ಟಿ ಮೊದಲಿನಂತೆಯೇ ಇರಬೇಕು. ಸೈಜ್ ಏರಿಸಿದ ಮೇಲೆ ಇಂಡೆಕ್ಸ್ ತಪಾಸಣೆ ಮಾಡುವ ಕೋಡ್ ಇಲ್ಲಿ ಸಿಕ್ಕಿಬೀಳುತ್ತದೆ.

ಕೈಯಿಂದ ಬರೆದ ಟೆಸ್ಟ್‌ಗಳಿಗೆ ನಿಮ್ಮ ಊಹೆಯೇ ಮಿತಿ. ಆ ಮಿತಿ ದಾಟಲು ಕಂಪ್ಯೂಟರನ್ನೇ ದುಡಿಸಿ. ನಿಮ್ಮ ಲಿಸ್ಟ್ ಮತ್ತು ಜಾವಾದ ಅರೇಲಿಸ್ಟ್ ಎರಡನ್ನೂ ಪಕ್ಕಪಕ್ಕ ಇಟ್ಟು, ಯಾದೃಚ್ಛಿಕವಾಗಿ ಆಯ್ದ ಒಂದೇ ಕೆಲಸವನ್ನು ಎರಡಕ್ಕೂ ಕೊಡಿ, ಪ್ರತಿ ಹೆಜ್ಜೆಯ ನಂತರ ಎರಡೂ ಒಂದೇ ಆಗಿವೆಯೇ ನೋಡಿ. 200 ಹೆಜ್ಜೆಗಳ 1,000 ಸುತ್ತು ಓಡಿಸಿದರೂ ನಿಮ್ಮ ಲ್ಯಾಪ್‌ಟಾಪ್‌ಗೆ ಹೆಚ್ಚು ಹೊತ್ತು ಬೇಕಿಲ್ಲ. ಈ ಬಗೆಯ ಪರೀಕ್ಷೆಯನ್ನು ಹ್ಯಾಸ್ಕೆಲ್ ಭಾಷೆಯ ಕ್ವಿಕ್‌ಚೆಕ್ ಬಗ್ಗೆ 2000ದಲ್ಲಿ ಬಂದ ಪ್ರಬಂಧ ಹೆಸರುವಾಸಿ ಮಾಡಿತು. ಜಾವಾಕ್ಕೂ ಅಂಥ ಲೈಬ್ರರಿಗಳಿವೆ, ಆದರೆ ಮೊದಲ ಸಲ ನೀವೇ ಬರೆಯಿರಿ, ನಲವತ್ತು ಸಾಲು ಸಾಕು.

ಬರೆಯುವಾಗ ನಾಲ್ಕು ಕಡೆ ಕಾಲು ಜಾರುತ್ತದೆ. ಸೇರಿಸುವುದು, ತೆಗೆಯುವುದು ಎರಡಕ್ಕೂ ಸಮ ಅವಕಾಶ ಕೊಟ್ಟರೆ ಪಟ್ಟಿ ಬೆಳೆಯುವುದೇ ಇಲ್ಲ, ಖಾಲಿಯ ಹತ್ತಿರವೇ ತೂಗಾಡುತ್ತಿರುತ್ತದೆ. ಸುತ್ತಿನ ಮೊದಲರ್ಧದಲ್ಲಿ ನೂರಕ್ಕೆ 70 ಸೇರಿಕೆ, ಉಳಿದರ್ಧದಲ್ಲಿ ನೂರಕ್ಕೆ 70 ತೆಗೆತ ಇರಲಿ, ಆಗ ಪಟ್ಟಿ ಉಬ್ಬಿ ಮತ್ತೆ ಬರಿದಾಗುತ್ತದೆ. ಎರಡನೆಯದು, ಇಂಡೆಕ್ಸನ್ನು −1ರಿಂದ ಸೈಜ್‌ಗಿಂತ ಒಂದು ಹೆಚ್ಚಿನವರೆಗೆ ಆರಿಸಿ; ಅರೇಲಿಸ್ಟ್ ಎಕ್ಸೆಪ್ಶನ್ ಎಸೆದರೆ ನಿಮ್ಮದೂ ಎಸೆಯಬೇಕು, ಅದು ಎಸೆಯದಿದ್ದರೆ ನಿಮ್ಮದೂ ಎಸೆಯಬಾರದು. ಮೂರನೆಯದು, ಬೆಲೆಗಳು 127 ದಾಟಬೇಕು, ಆದರೆ ಕೆಲವೇ ಆಗಿರಬೇಕು. 150, 300, 450 ಎಂದು 3,000ದವರೆಗೆ 20 ಬೆಲೆಗಳಲ್ಲಿ ಒಂದನ್ನು ಆರಿಸಿದರೆ ಒಂದೇ ದರ ಮತ್ತೆ ಮತ್ತೆ ಬಂದು, ಬೆಲೆ ಕೊಟ್ಟು ಹುಡುಕುವ ಕೆಲಸ ನಿಜವಾಗಿ ಪರೀಕ್ಷೆಗೆ ಒಳಗಾಗುತ್ತದೆ. ಹುಡುಕಲು ಕೊಡುವ ಬೆಲೆಯನ್ನು ಇಂಟ್‌ನಿಂದ (ಆಬ್ಜೆಕ್ಟ್ ಅಲ್ಲದ ಬರಿಯ ಪೂರ್ಣಾಂಕದಿಂದ) ಹೊಸದಾಗಿ ಕಟ್ಟಿ ಕೊಡಿ. ಪಟ್ಟಿಗೆ ಹಾಕಿದ ಆಬ್ಜೆಕ್ಟನ್ನೇ ಹುಡುಕಲು ಕೊಟ್ಟರೆ ==ನ ತಪ್ಪು ಮತ್ತೆ ಮುಚ್ಚಿಹೋಗುತ್ತದೆ. ನಾಲ್ಕನೆಯದು ಬೀಜ, ಅಂದರೆ ರ‍್ಯಾಂಡಮ್ ಕ್ಲಾಸಿಗೆ ಕೊಡುವ ಸೀಡ್; ಅದೇ ಸೀಡ್ ಕೊಟ್ಟರೆ ಅದೇ ಸಂಖ್ಯೆಗಳು ಅದೇ ಸರದಿಯಲ್ಲಿ ಮತ್ತೆ ಬರುತ್ತವೆ. ಪ್ರತಿ ಸುತ್ತಿಗೂ ನಿಮಗೆ ತಿಳಿದ ಸಂಖ್ಯೆಯನ್ನೇ ಕೊಟ್ಟು, ಟೆಸ್ಟ್ ಬಿದ್ದಾಗ ಆ ಸಂಖ್ಯೆ ಮತ್ತು ನಡೆದ ಕೆಲಸಗಳ ಪಟ್ಟಿಯನ್ನು ಮುದ್ರಿಸಿ. ಸೀಡ್ ಇಲ್ಲದೆ ಬಿದ್ದ ಟೆಸ್ಟ್ ಎರಡನೇ ಸಲ ಓಡಿಸಿದಾಗ ಬೀಳದೇ ಇರಬಹುದು, ಆಗ ಹುಡುಕುವುದಾದರೂ ಎಲ್ಲಿ?

137ನೇ ಹೆಜ್ಜೆಯಲ್ಲಿ ಬಿತ್ತು ಎಂದುಕೊಳ್ಳಿ. 137 ಹೆಜ್ಜೆಗಳನ್ನು ಕೂತು ಓದಬೇಡಿ. ಕೆಲಸಗಳ ಪಟ್ಟಿಯಿಂದ ಒಂದೊಂದನ್ನೇ ಬಿಟ್ಟು ಮತ್ತೆ ಓಡಿಸುವ ಸಣ್ಣ ಲೂಪ್ ಬರೆಯಿರಿ. ಬಿಟ್ಟರೂ ತಪ್ಪು ಉಳಿದರೆ ಆ ಹೆಜ್ಜೆ ಬೇಕಿರಲಿಲ್ಲ, ಅದನ್ನು ಕಿತ್ತುಹಾಕಿ. ಸಾಮಾನ್ಯವಾಗಿ ಮೂರು ನಾಲ್ಕು ಹೆಜ್ಜೆಗೆ ಇಳಿಯುತ್ತದೆ: ಸೇರಿಸು, ಸೇರಿಸು, ಮೊದಲನೆಯದನ್ನು ತೆಗೆ. ಅಷ್ಟು ಚಿಕ್ಕದಾದ ಮೇಲೆ ಕಾರಣ ಕಣ್ಣಿಗೆ ಹೊಡೆಯುತ್ತದೆ. ಆ ಮೂರು ಹೆಜ್ಜೆಯನ್ನು ಹೆಸರಿಟ್ಟು ಕಾಯಂ ಟೆಸ್ಟ್ ಮಾಡಿಡಿ.

ಹೀಗೆ ಮಾಡಿದರೂ ಕೆಲವು ಅಂಚುಗಳು ತಪ್ಪಿಸಿಕೊಳ್ಳುತ್ತವೆ. ಜಾವಾ ಲೈಬ್ರರಿಯ ಬೈನರಿ ಸರ್ಚ್‌ನಲ್ಲೇ (ಪ್ರತಿ ಸಲ ಅರ್ಧ ಬಿಟ್ಟು ಹುಡುಕುವ ಮೆಥಡ್) ಎರಡು ಇಂಡೆಕ್ಸ್ ಕೂಡಿಸಿ ಅರ್ಧ ಮಾಡುವ ಸಾಲಿತ್ತು. ಅರೇ ನೂರು ಕೋಟಿಗೂ ಮೀರಿ ದೊಡ್ಡದಾದರೆ ಆ ಮೊತ್ತ ಇಂಟ್‌ನ ಮಿತಿಯಾದ 2,14,74,83,647ನ್ನು ದಾಟಿ ಋಣಾತ್ಮಕವಾಗುತ್ತಿತ್ತು. ವರ್ಷಗಟ್ಟಲೆ ಉಳಿದಿದ್ದ ಈ ತಪ್ಪಿನ ಬಗ್ಗೆ 2006ರಲ್ಲಿ ಬರೆದವರು ಆ ಕೋಡ್ ಬರೆದಿದ್ದ ಜೋಶುವಾ ಬ್ಲಾಕ್ ಅವರೇ. ಕೆಪ್ಯಾಸಿಟಿ ಇಮ್ಮಡಿ ಮಾಡುವ ನಿಮ್ಮ ಸಾಲಿಗೂ ಅದೇ ಮಿತಿ ಇದೆ ಎಂಬುದು ತಲೆಯಲ್ಲಿರಲಿ.

ವೇಗವನ್ನು ಪರೀಕ್ಷಿಸುವಾಗ ಮಿಲಿಸೆಕೆಂಡ್ ಅಳೆದು ಪಾಸ್-ಫೇಲ್ ನಿರ್ಧರಿಸಬೇಡಿ, ಲ್ಯಾಬಿನ ಹಳೆಯ ಕಂಪ್ಯೂಟರಿನಲ್ಲಿ ಅದು ಸುಮ್ಮಸುಮ್ಮನೆ ಬೀಳುತ್ತದೆ. ನಕಲಾದ ಲಾಟ್‌ಗಳನ್ನು ಎಣಿಸುವ ಒಂದು ಕೌಂಟರ್ ಇಡಿ. ಆರಂಭದ ಕೆಪ್ಯಾಸಿಟಿ 10 ಇಟ್ಟು, ಇಮ್ಮಡಿ ಬೆಳೆಸುವ ಲಿಸ್ಟಿಗೆ 10,000 ಸೇರಿಸಿದಾಗ ಅದು 10,230 ತೋರಿಸಬೇಕು. ಯಾವ ಕಂಪ್ಯೂಟರಿನಲ್ಲೂ ಅಷ್ಟೇ.

ಎಲ್ಲ ಟೆಸ್ಟ್‌ಗಳೂ ಹಸಿರಾದ (ಪಾಸಾದ) ದಿನ ಕೋಡನ್ನು ಬೇಕೆಂದೇ ಕೆಡಿಸಿ ನೋಡಿ. ಇನ್ಸರ್ಟ್ ಲೂಪಿನ ದಿಕ್ಕು ತಿರುಗಿಸಿ, ಓಡಿಸಿ, ಕೆಂಪಾಗಬೇಕು, ಅಂದರೆ ಟೆಸ್ಟ್ ಬೀಳಬೇಕು, ಮತ್ತೆ ಸರಿಮಾಡಿ. ಹುಡುಕುವಲ್ಲಿ == ಹಾಕಿ, ಕೆಂಪಾಗಬೇಕು. ರಿಮೂವ್ ಲೂಪನ್ನು ಒಂದು ಹೆಜ್ಜೆ ಹೆಚ್ಚು ಓಡಿಸಿ, ಕೆಂಪಾಗಬೇಕು. ಕೊನೆಗೆ ನಲ್ ಹಾಕುವ ಸಾಲನ್ನು ಅಳಿಸಿ. ಇದನ್ನು ಅರೇಲಿಸ್ಟ್ ಜೊತೆಗಿನ ಹೋಲಿಕೆ ಹಿಡಿಯಲಾರದು, ಏಕೆಂದರೆ ಹೊರಗಿನಿಂದ ಎರಡೂ ಪಟ್ಟಿ ಒಂದೇ. ಕಟ್ಟಳೆ ತಪಾಸಣೆಯ ಮೆಥಡ್ ಮಾತ್ರ ಹಿಡಿಯಬಲ್ಲದು. ಅಲ್ಲೂ ಹಸಿರೇ ಉಳಿದರೆ ಆ ಮೆಥಡ್ ಸೈಜ್‌ನ ಆಚೆಯ ಮನೆಗಳನ್ನು ಇಣುಕಿ ನೋಡುತ್ತಿಲ್ಲ, ಮೊದಲು ಅದನ್ನು ಸರಿಪಡಿಸಿ.